ಕನ್ಯಾಮಠದ ಗೋಡೆ, ಕ್ಯಾಮೆರಾದ ಕಿಂಡಿ

ಕಾನ್ವೆಂಟ್ ಎಂದೊಡನೆ ನಮ್ಮ ಊರುಗಳಲ್ಲಿ ಯಾರಿಗೂ ಸನ್ಯಾಸಿನಿಯರ ನೆನಪಾಗುವುದಿಲ್ಲ. ಟೈ ಕಟ್ಟಿಕೊಂಡ ಮಕ್ಕಳು, ಹಳದಿ ವ್ಯಾನು, ಜೂನ್ ತಿಂಗಳ ಫೀಸು ನೆನಪಾಗುತ್ತವೆ. ಕ್ರೈಸ್ತರ ಗಾಳಿಯೇ ಸೋಕದ ಶಾಲೆಯನ್ನೂ ನಾವು ಕಾನ್ವೆಂಟು ಎಂದೇ ಕರೆಯುತ್ತೇವೆ. ಇಂದಿನ ಮಾತಿನ ಮಟ್ಟಿಗೆ ಆ ಅರ್ಥವನ್ನು ಬಾಗಿಲ ಹೊರಗೇ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಹೇಳಹೊರಟಿರುವುದು ಹೆಣ್ಣುಮಕ್ಕಳು ಒಮ್ಮೆ ಒಳಗೆ ಹೋದರೆ ಹೆಣವಾಗಿಯೂ ಹೊರಗೆ ಬಾರದಿದ್ದ, ಎತ್ತರದ ಗೋಡೆಗಳ, ಕಂಬಿ ಹಾಕಿದ ಕಿಟಕಿಗಳ ಯುರೋಪಿನ ಕನ್ಯಾಮಠಗಳ ಬಗ್ಗೆ. ಮತ್ತು ಸುಮಾರು 1969ರಿಂದ 1981ರವರೆಗೆ ಆ ಗೋಡೆಗಳೊಳಗೆ ಕ್ಯಾಮೆರಾ ನುಗ್ಗಿಸಿ ಟಿಕೆಟ್ ಮಾರಿದ ಒಂದು ಬಗೆಯ ಸಿನಿಮಾದ ಬಗ್ಗೆ.

ಈ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ‘ನನ್ಸ್‌ಪ್ಲಾಯ್ಟೇಶನ್’ ಎಂಬ ಅಡ್ಡಹೆಸರಿದೆ: ‘ನನ್’ ಎಂದರೆ ಸನ್ಯಾಸಿನಿ, ‘ಎಕ್ಸ್‌ಪ್ಲಾಯ್ಟೇಶನ್’ ಎಂದರೆ ಲೈಂಗಿಕತೆ, ಹಿಂಸೆಗಳನ್ನು ತೋರಿಸಿ ಹಣ ಮಾಡುವ ಅಗ್ಗದ ಸಿನಿಮಾ. ಕಥೆಯ ಅಚ್ಚು ಸರಳವಾದದ್ದು. ಮನಸ್ಸಿಲ್ಲದ ಹುಡುಗಿಯೊಬ್ಬಳನ್ನು ಅಪ್ಪ ಮಠಕ್ಕೆ ತಂದು ಬಿಡುತ್ತಾನೆ. ಅಲ್ಲಿ ಬ್ರಹ್ಮಚರ್ಯದ ಉಪದೇಶ ಹಗಲಿನಲ್ಲಿ ನಡೆಯುತ್ತದೆ, ಅದರ ಉಲ್ಲಂಘನೆ ರಾತ್ರಿಯಲ್ಲಿ. ಮಠದ ಮುಖ್ಯಸ್ಥೆಯಾದ ಮದರ್ ಸುಪೀರಿಯರ್ ಕ್ರೂರಿ, ಪಾಪನಿವೇದನೆ ಕೇಳುವ ಪಾದ್ರಿ ಲಂಪಟ. ಕೊನೆಗೆ ಚಾಟಿ, ಬೆಂಕಿ, ದೆವ್ವ, ವಿಚಾರಣೆ. ‘ಹೇಳೋದು ಶಾಸ್ತ್ರ, ಇಕ್ಕೋದು ಗಾಳ’ ಎಂಬ ನಮ್ಮ ಗಾದೆಯಲ್ಲಿ ಈ ಇಡೀ ಪ್ರಕಾರವನ್ನು ಮಡಿಸಿ ಇಡಬಹುದು. ಆದರೆ ಇಲ್ಲಿ ಗಾಳ ಹಾಕಿ ಕುಳಿತವರು ಇಬ್ಬರು. ಧರ್ಮದ ಹೆಸರಿನಲ್ಲಿ ಹೆಣ್ಣಿನ ದೇಹವನ್ನು ಕಾಯುವ ನೆಪ ಮಾಡಿಕೊಂಡು ಅದರ ಮೇಲೆಯೇ ಕಣ್ಣಿಟ್ಟ ಮಠ ಒಂದು ಕಡೆ. ಆ ಬೂಟಾಟಿಕೆಯನ್ನು ಬಯಲು ಮಾಡುತ್ತೇನೆ ಎಂಬ ನೆಪದಲ್ಲಿ ಅದೇ ದೇಹವನ್ನು ನಮಗೆ ತೋರಿಸಿ ಹಣ ಮಾಡಿದ ಸಿನಿಮಾ ಇನ್ನೊಂದು ಕಡೆ. ಮೊದಲನೆಯವರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಎರಡನೆಯವರ ಬಗ್ಗೆಯೂ ಕುತೂಹಲವಿದೆ, ಏಕೆಂದರೆ ಅವರ ಜೊತೆಯಲ್ಲಿ ಕತ್ತಲೆಯಲ್ಲಿ ಕುಳಿತು ನೋಡುವವರು ನಾವು.

ಸಿನಿಮಾಗಳಿಗೆ ಹೋಗುವ ಮೊದಲು ಗೋಡೆ ಹೇಗೆ ಎದ್ದಿತು ಎಂಬುದನ್ನು ಸ್ವಲ್ಪ ನೋಡೋಣ. 1563ರಲ್ಲಿ ಕ್ಯಾಥಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಕನ್ಯಾಸ್ತ್ರೀಯರು ಮಠದ ಆವರಣವನ್ನು ಬಿಟ್ಟು ಹೊರಬರಬಾರದೆಂಬ ನಿಯಮವನ್ನು ಬಿಗಿಗೊಳಿಸಿತು. ಅದೇ ಸಭೆ ಯಾವ ಹೆಣ್ಣನ್ನೂ ಬಲವಂತವಾಗಿ ಮಠಕ್ಕೆ ಸೇರಿಸಬಾರದೆಂದೂ ಹೇಳಿತ್ತು. ಮೊದಲ ನಿಯಮಕ್ಕೆ ಕಲ್ಲು ಗಾರೆ ಸಿಕ್ಕಿತು, ಎರಡನೆಯದು ಕಾಗದದಲ್ಲಿ ಉಳಿಯಿತು. ಕಾರಣ ದೇವರಲ್ಲ, ವರದಕ್ಷಿಣೆ. ಇಟಲಿಯ ಶ್ರೀಮಂತ ಮನೆತನಗಳಲ್ಲಿ ಮಗಳ ಮದುವೆಗೆ ಕೊಡಬೇಕಾದ ಮೊತ್ತ ಏರುತ್ತ ಹೋಗಿತ್ತು. ಮಠಕ್ಕೂ ದಕ್ಷಿಣೆ ಕೊಡಬೇಕಿತ್ತು, ಆದರೆ ಅದು ಅಳಿಯನಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಆಸ್ತಿ ಒಡೆಯದಿರಲು ಒಬ್ಬ ಮಗಳನ್ನು ಮದುವೆ ಮಾಡಿ, ಉಳಿದವರನ್ನು ಯೇಸುವಿನ ವಧುಗಳನ್ನಾಗಿ ಮಾಡುವುದು ಲೆಕ್ಕಾಚಾರದ ಮಾತಾಗಿತ್ತು. ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾದ ಅಗತ್ಯ ಇಲ್ಲಿ ಕುಳಿತವರಿಗೆ ಇಲ್ಲವೆಂದುಕೊಳ್ಳುತ್ತೇನೆ.

ಇದನ್ನು ಒಳಗಿನಿಂದಲೇ ಬರೆದ ಹೆಣ್ಣೊಬ್ಬಳಿದ್ದಳು. ಅರ್ಕಾಂಜೆಲಾ ತಾರಾಬೊಟ್ಟಿ, 1604ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿದವಳು, ತಂದೆಯಂತೆಯೇ ಕುಂಟುತ್ತಿದ್ದವಳು, ಚಿಕ್ಕಂದಿನಲ್ಲೇ ಮಠ ಸೇರಿ 1652ರಲ್ಲಿ ಅಲ್ಲೇ ಸತ್ತವಳು. ಗುರುವಿಲ್ಲದೆ ಓದಿಕೊಂಡು, ಬಲವಂತದ ಸನ್ಯಾಸದ ವಿರುದ್ಧ ಪುಸ್ತಕಗಳನ್ನೇ ಬರೆದಳು. ಅವುಗಳಲ್ಲಿ ಒಂದು ಅವಳು ಸತ್ತ ಎರಡು ವರ್ಷದ ಮೇಲೆ ಅಚ್ಚಾಯಿತು ಮತ್ತು ಅನಂತರ ಚರ್ಚಿನ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿತು. ಇನ್ನೊಂದರ ಹೆಸರು ‘ಇನ್ಫೆರ್ನೊ ಮೊನಾಕಾಲೆ’, ಎಂದರೆ ಸನ್ಯಾಸಿನಿಯರ ನರಕ. ಅದು ಅಚ್ಚಾದದ್ದು 1990ರಲ್ಲಿ. ಈ ಇಸವಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಅವಳ ಕೈಬರಹ ಧೂಳು ತಿನ್ನುತ್ತಿದ್ದ ಮುನ್ನೂರು ವರ್ಷಗಳ ಉದ್ದಕ್ಕೂ ಕನ್ಯಾಸ್ತ್ರೀಯ ದನಿಯಲ್ಲಿ ಯುರೋಪಿಗೆ ಕೇಳಿಸಿದ್ದು ಗಂಡಸರ ಮಾತು. 1669ರಲ್ಲಿ ಪ್ಯಾರಿಸ್ಸಿನಲ್ಲಿ ಪೋರ್ಚುಗಲ್ಲಿನ ಸನ್ಯಾಸಿನಿಯೊಬ್ಬಳು ಫ್ರೆಂಚ್ ಪ್ರಿಯಕರನಿಗೆ ಬರೆದಳೆನ್ನಲಾದ ಐದು ಪತ್ರಗಳು ಅಚ್ಚಾಗಿ ಮನೆಮಾತಾದವು. ಈಗ ಹೆಚ್ಚಿನ ವಿದ್ವಾಂಸರು ಅವನ್ನು ಗಿಯೆರಾಗ್ ಎಂಬ ಫ್ರೆಂಚ್ ರಾಜತಂತ್ರಜ್ಞನ ಕೃತಿಯೆಂದು ಒಪ್ಪುತ್ತಾರೆ. ಫ್ರೆಂಚ್ ಲೇಖಕ ದಿದೆರೊನ ‘ಲ ರಿಲಿಜಿಯೂಸ್’ (ಸನ್ಯಾಸಿನಿ) ಕಾದಂಬರಿಯ ಹುಟ್ಟಂತೂ ಇನ್ನೂ ವಿಚಿತ್ರ. ಪ್ಯಾರಿಸ್ ಬಿಟ್ಟು ನಾರ್ಮಂಡಿಯ ತನ್ನ ಜಮೀನಿಗೆ ಹೋಗಿ ಕುಳಿತ ಮಾರ್ಕ್ವಿಸ್ ದ ಕ್ರುವಾಮಾರ್ ಎಂಬ ಗೆಳೆಯನನ್ನು ಮರಳಿ ಕರೆತರಲು ದಿದೆರೊ ಮತ್ತು ಸಂಗಡಿಗರು 1760ರಲ್ಲಿ ಒಂದು ತಮಾಷೆ ಹೂಡಿದರು: ಮಠದಿಂದ ತಪ್ಪಿಸಿಕೊಂಡು ಬಂದ ಹುಡುಗಿಯೊಬ್ಬಳ ಹೆಸರಿನಲ್ಲಿ ಅವನಿಗೆ ಸಹಾಯ ಬೇಡುವ ಪತ್ರಗಳನ್ನು ಬರೆದರು. ಆ ಪುಣ್ಯಾತ್ಮ ಪ್ಯಾರಿಸ್ಸಿಗೆ ಬರಲಿಲ್ಲ; ಬದಲಾಗಿ ಹುಡುಗಿಯನ್ನೇ ತನ್ನಲ್ಲಿಗೆ ಕಳುಹಿಸಿ, ಆಶ್ರಯ ಕೊಡುತ್ತೇನೆ ಎಂದುಬಿಟ್ಟ. ಬೇರೆ ದಾರಿ ಕಾಣದೆ ಇವರು ಕಾಗದದಲ್ಲೇ ಆಕೆಯನ್ನು ಸಾಯಿಸಬೇಕಾಯಿತು. ಇಲ್ಲಿ ನಗಬಹುದು, ಆದರೆ ದಿದೆರೊನ ಸ್ವಂತ ತಂಗಿ ಕನ್ಯಾಮಠದಲ್ಲಿ ಬುದ್ಧಿಭ್ರಮಣೆಗೊಂಡು ಸತ್ತವಳು. ತಮಾಷೆಯೊಳಗೆ ಆ ಸಿಟ್ಟು ಸೇರಿದ್ದರಿಂದಲೇ ಕಾದಂಬರಿಗೆ ಆ ಕಾವು ಬಂದಿತು. ಅಚ್ಚಾಗಿ ಹೊರಬಂದದ್ದು ಅವನು ಸತ್ತ ಮೇಲೆ, 1796ರಲ್ಲಿ.

ಈ ಕಾದಂಬರಿಯನ್ನು ಫ್ರೆಂಚ್ ನಿರ್ದೇಶಕ ಝಾಕ್ ರಿವೆಟ್ ನಟಿ ಅನ್ನಾ ಕರೀನಾರನ್ನು ಮುಖ್ಯ ಪಾತ್ರದಲ್ಲಿಟ್ಟು ಚಿತ್ರವಾಗಿಸಿದಾಗ, ಸೆನ್ಸಾರ್ ಸಮಿತಿ ಒಪ್ಪಿಗೆ ಕೊಟ್ಟಿದ್ದರೂ 1966ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ನಿಷೇಧಿಸಿತು. ಚಿತ್ರೀಕರಣ ಮುಗಿಯುವ ಮೊದಲೇ ಕನ್ಯಾಸ್ತ್ರೀಯರ ಸಂಘಗಳು ಪ್ರತಿಭಟನೆ ಆರಂಭಿಸಿದ್ದವು. ಅದೇ ವರ್ಷ ಚಿತ್ರ ಕಾನ್ ಉತ್ಸವದಲ್ಲಿ ತೆರೆಕಂಡಿತು, ಮರುವರ್ಷ ನಿಷೇಧ ತೆರವಾಯಿತು, ಜನ ಮುಗಿಬಿದ್ದು ನೋಡಿದರು. ರಿವೆಟ್ ಅವರದು ಬಹಳ ಸಂಯಮದ, ಕೆಲವರಿಗೆ ಒಣಗಿದೆ ಎನಿಸಬಹುದಾದ ಚಿತ್ರ. ಎಕ್ಸ್‌ಪ್ಲಾಯ್ಟೇಶನ್ ಎಂಬ ಮಾತೇ ಅದಕ್ಕೆ ಸಲ್ಲದು. ಆದರೆ ನಿಷೇಧಕ್ಕಿಂತ ದೊಡ್ಡ ಜಾಹೀರಾತಿಲ್ಲ ಎಂಬ ಪಾಠವನ್ನು ಅಗ್ಗದ ಚಿತ್ರಗಳ ನಿರ್ಮಾಪಕರು ಕಲಿತುಕೊಂಡರು.

ಇನ್ನು ಇಟಲಿಯ ಕಡೆಗೆ. ಅಲ್ಲಿ ಶಾಲೆಗೆ ಹೋದವರೆಲ್ಲ ಓದಿಯೇ ತೀರಬೇಕಾದ ಮಾನ್ಜೋನಿಯ ಕಾದಂಬರಿಯಲ್ಲಿ ಮೊಂಜಾದ ಸನ್ಯಾಸಿನಿಯ ಉಪಕಥೆಯೊಂದಿದೆ. ಅವಳು ಕಲ್ಪನೆಯವಳಲ್ಲ. 1575ರಲ್ಲಿ ಹುಟ್ಟಿದ ಮರಿಯಾನ್ನಾ ದೆ ಲೇಯ್ವಾ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡಳು, ತಾಯಿಯ ಕಡೆಯ ಆಸ್ತಿ ತಂದೆಯ ಕೈಸೇರಿತು, ಹುಡುಗಿ ಮೊಂಜಾದ ಮಠ ಸೇರಿದಳು. ಪಕ್ಕದ ಮನೆಯ ಜಾನ್ ಪಾವೊಲೊ ಓಸಿಯೊ ಎಂಬ ಶ್ರೀಮಂತನೊಡನೆ ಸಂಬಂಧ ಬೆಳೆಯಿತು, ಮಗಳು ಹುಟ್ಟಿದಳು, ಗುಟ್ಟನ್ನು ಬಯಲು ಮಾಡುವೆನೆಂದ ಮಠದ ಸೇವಕಿಯ ಕೊಲೆಯಾಯಿತು. ವಿಚಾರಣೆ ನಡೆದು 1608ರಲ್ಲಿ ಮರಿಯಾನ್ನಾಳನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲಿಗೆ ಗೋಡೆ ಕಟ್ಟಿದರು. ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಆ ಗೋಡೆಯೊಳಗಿದ್ದು, 1622ರಲ್ಲಿ ಹೊರಬಂದು, 1650ರವರೆಗೆ ಬದುಕಿದಳು.

ಮಾನ್ಜೋನಿ ಅವಳ ಪತನವನ್ನು ಹೇಗೆ ಹೇಳುತ್ತಾನೆ ಗೊತ್ತೇ? ಗಂಡಸು ಕಿಟಕಿಯಿಂದ ಮಾತನಾಡಿಸಿದ. ‘ಆ ನತದೃಷ್ಟೆ ಉತ್ತರಿಸಿದಳು’ ಎನ್ನುತ್ತಾನೆ. ಅಷ್ಟೇ. ಇಟಾಲಿಯನ್ನಿನಲ್ಲಿ ಅದು ಮೂರೇ ಪದ. ಈ ಮೂರು ಪದಗಳ ಹಿಂದೆ ಏನಿತ್ತು ಎಂಬುದನ್ನು ಒಂದೂವರೆ ಗಂಟೆ ಹಿಗ್ಗಿಸಿ ತೋರಿಸುವುದೇ ಇಟಲಿಯ ಮಠದ ಚಿತ್ರಗಳ ಉದ್ಯಮವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಹೆಸರಾಂತ ನಿರ್ದೇಶಕ ಲುಕಿನೊ ವಿಸ್ಕೊಂತಿಯ ಸೋದರನ ಮಗ ಎರಿಪ್ರಾಂದೊ ವಿಸ್ಕೊಂತಿ 1969ರಲ್ಲಿ ಇದೇ ಕಥೆಯನ್ನು ಗಂಭೀರವಾಗಿಯೇ ತೆಗೆದ. ಹನ್ನೊಂದು ವರ್ಷದ ನಂತರ ಬ್ರೂನೊ ಮತ್ತೇಯಿ ‘ಮೊಂಜಾದ ಸನ್ಯಾಸಿನಿಯ ನಿಜ ಕಥೆ’ ಎಂದು ಹೆಸರಿಟ್ಟು ಇನ್ನೊಂದನ್ನು ತೆಗೆದ. ಹೆಸರಿನಲ್ಲಿ ‘ನಿಜ’ ಎಂದು ಸೇರಿಕೊಂಡಾಗ ನೋಡುಗರು ಜಾಗ್ರತೆಯಾಗಿರಬೇಕು.

ಇಟಲಿಯಲ್ಲೇ ಈ ಚಿತ್ರಗಳು ಇಷ್ಟೊಂದು ಏಕೆ ಬಂದವು? ವ್ಯಾಟಿಕನ್ನಿನೊಡನೆ ಆದ 1984ರ ಒಪ್ಪಂದದವರೆಗೆ ಕ್ಯಾಥಲಿಕ್ ಮತ ಅಲ್ಲಿ ಪ್ರಭುತ್ವದ ಧರ್ಮವಾಗಿತ್ತು ಮತ್ತು ಅದನ್ನು ಅವಮಾನಿಸುವುದು ದಂಡನೀಯ ಅಪರಾಧವಾಗಿತ್ತು. 1963ರಲ್ಲಿ ನಿರ್ದೇಶಕ ಪಸೊಲಿನಿ ಒಂದು ಕಿರುಚಿತ್ರಕ್ಕಾಗಿ ಇದೇ ಆರೋಪದ ಮೇಲೆ ಶಿಕ್ಷೆಗೆ ಗುರಿಯಾದ. ಆದರೆ ಅದೇ ದೇಶ 1970ರಲ್ಲಿ ವಿಚ್ಛೇದನವನ್ನು ಕಾನೂನುಬದ್ಧಗೊಳಿಸಿತು, ಅದನ್ನು ರದ್ದುಪಡಿಸಬೇಕೆಂದು ಚರ್ಚಿನ ಬೆಂಬಲದಿಂದ ನಡೆದ 1974ರ ಜನಮತಗಣನೆಯಲ್ಲಿ ಶೇಕಡ 59ರಷ್ಟು ಮಂದಿ ರದ್ದತಿಯನ್ನು ತಿರಸ್ಕರಿಸಿದರು, 1978ರಲ್ಲಿ ಗರ್ಭಪಾತದ ಕಾನೂನೂ ಬಂತು. ಭಾನುವಾರ ಬೆಳಿಗ್ಗೆ ಪೂಜೆಗೆ ಹೋಗಿ, ಮತ ಹಾಕುವಾಗ ಪಾದ್ರಿಯ ಮಾತನ್ನು ಕೇಳದಿರುವ ಜನರ ದೇಶ ಅದಾಗುತ್ತಿತ್ತು. ಆ ದಶಕದ ಮಠದ ಚಿತ್ರಗಳ ಪ್ರೇಕ್ಷಕನೂ ಇವನೇ: ಚರ್ಚಿನ ಮೇಲೆ ಹಳೆಯ ಮುನಿಸಿದೆ, ಅದನ್ನು ಪೂರ್ತಿ ಬಿಡುವ ಧೈರ್ಯವಿಲ್ಲ. ಕನ್ಯಾಸ್ತ್ರೀಯ ನಿಲುವಂಗಿಯ ಬಗ್ಗೆ ಭಯಭಕ್ತಿ ಉಳಿದಿರುವವನಿಗೆ ಮಾತ್ರ ಅದು ಜಾರಿದಾಗ ಮೈ ಜುಮ್ಮೆನ್ನುವುದು. ಪೂರ್ತಿ ನಾಸ್ತಿಕನಿಗೆ ಈ ಚಿತ್ರಗಳು ಬೇಸರ ತರಿಸುತ್ತವೆ.

ಸೆನ್ಸಾರನ್ನು ದಾಟಲು ಇವರು ಬಳಸಿದ ಉಪಾಯ ಇತಿಹಾಸ. ಕಥೆ ಹೆಚ್ಚಾಗಿ ಹದಿನಾರನೆಯದೋ ಹದಿನೇಳನೆಯದೋ ಶತಮಾನದ್ದು, ಹಳೆಯ ದಾಖಲೆಗಳನ್ನು ಆಧರಿಸಿದ್ದು. ದೊಮೆನಿಕೊ ಪಾವೊಲೆಲ್ಲಾ 1973ರ ಒಂದೇ ವರ್ಷ ಇಂಥ ಎರಡು ಚಿತ್ರಗಳನ್ನು ತೆಗೆದ. ವಾಲೆರಿಯಾನ್ ಬೊರೊವ್‌ಚಿಕ್ 1978ರಲ್ಲಿ ಫ್ರೆಂಚ್ ಲೇಖಕ ಸ್ಟೆಂಡಾಲನ ರೋಮ್ ಪ್ರವಾಸದ ಬರಹದಿಂದ ಎಳೆ ತೆಗೆದುಕೊಂಡು ಮಾಡಿದ ಚಿತ್ರದಲ್ಲಿ ಬೆಳಕು, ಬಿಳಿ ಬಟ್ಟೆ, ಕೈಯಲ್ಲಿ ಹಿಡಿದ ಕ್ಯಾಮೆರಾದ ಚಂಚಲತೆ ಎಲ್ಲವೂ ಸುಂದರವಾಗಿವೆ. ಮಠ ಅವನಿಗೆ ಸೆರೆಮನೆಯೇ ಅಲ್ಲ, ಕಿಲಕಿಲ ನಗುವ ಹುಡುಗಿಯರ ತೋಟ. ನನಗೆ ಆ ಚಿತ್ರದ ಮೇಲೆ ಸಿಟ್ಟಿಲ್ಲ, ನಂಬಿಕೆಯೂ ಇಲ್ಲ. ಸ್ಪೇನಿನ ಹೆಸ್ಸ್ ಫ್ರಾಂಕೊ ನಾನು ಆಗ ಹೇಳಿದ ಪೋರ್ಚುಗಲ್ಲಿನ ಪತ್ರಗಳ ಹೆಸರನ್ನಷ್ಟೇ ಎರವಲು ಪಡೆದು 1977ರಲ್ಲಿ ಸೈತಾನಪೂಜೆಯ ಚಿತ್ರವೊಂದನ್ನು ಮಾಡಿದ. ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದದ್ದು ಕೆನ್ ರಸೆಲ್ ಬ್ರಿಟನ್ನಿನಲ್ಲಿ ತೆಗೆದ 1971ರ ‘ದ ಡೆವಿಲ್ಸ್’ ಮುಂದೆ. ಇದರ ಹಿಂದಿನ ಘಟನೆ ಫ್ರಾನ್ಸಿನ ಲೂದನ್ ಎಂಬ ಪಟ್ಟಣದ್ದು. ಅಲ್ಲಿನ ಉರ್ಸುಲೈನ್ ಮಠದ ಮದರ್ ಸುಪೀರಿಯರ್ ಝಾನ್, ಗೂನುಬೆನ್ನಿನ ಹೆಂಗಸು, ಊರಿನ ಪಾದ್ರಿ ಉರ್ಬೇನ್ ಗ್ರಾಂಡಿಯೆಯನ್ನು ಮಠದ ಪಾಪನಿವೇದನೆಯ ಗುರುವಾಗುವಂತೆ ಕೇಳಿದಳು, ಅವನು ಒಲ್ಲೆನೆಂದ. ಕೆಲ ಕಾಲದ ಮೇಲೆ ಅವಳೂ ಇತರ ಕನ್ಯಾಸ್ತ್ರೀಯರೂ ದೆವ್ವ ಹಿಡಿದವರಂತೆ ಆಡತೊಡಗಿ, ದೆವ್ವ ಕಳಿಸಿದವನು ಅವನೇ ಎಂದರು. ಗ್ರಾಂಡಿಯೆ ಸಾಧುವೇನಲ್ಲ, ಹೆಂಗಸರ ವಿಷಯದಲ್ಲಿ ಹೆಸರು ಕೆಡಿಸಿಕೊಂಡವನೇ. ಆದರೆ ಅವನನ್ನು 1634ರ ಆಗಸ್ಟ್ 18ರಂದು ಜೀವಂತ ಸುಟ್ಟದ್ದರ ಹಿಂದೆ, ಪಟ್ಟಣಗಳ ಕೋಟೆಗಳನ್ನು ಕೆಡವಿ ಎಲ್ಲ ಅಧಿಕಾರವನ್ನೂ ರಾಜನ ಕೈಗೆ ತರಲು ಹೊರಟ ಪ್ರಧಾನಮಂತ್ರಿ ಕಾರ್ಡಿನಲ್ ರಿಶಲ್ಯೂವಿನ ರಾಜಕಾರಣವಿತ್ತು. ಮಠದ ಗೋಡೆಯೊಳಗಿನ ಉನ್ಮಾದದಿಂದ ಊರಿನ ಕೋಟೆಯ ಗೋಡೆಯನ್ನು ಕೆಡವಿದರು ಎಂಬಂತೆ ರಸೆಲ್ ಇದನ್ನು ಕಟ್ಟುತ್ತಾನೆ. ಅವನ ಚಿತ್ರದ ಲೂದನ್ ಹಳೆಯ ಕಲ್ಲಿನ ಊರಲ್ಲ. ಡೆರೆಕ್ ಜಾರ್ಮನ್ ವಿನ್ಯಾಸಗೊಳಿಸಿದ, ಬಿಳಿ ಇಟ್ಟಿಗೆಯ, ತೊಳೆದಿಟ್ಟಂಥ ನಗರ. ಲೂದನ್ ಕುರಿತ ತನ್ನ ಪುಸ್ತಕದಲ್ಲಿ ಆಲ್ಡಸ್ ಹಕ್ಸ್‌ಲಿ ದೆವ್ವ ಬಿಡಿಸುವ ಕ್ರಿಯೆಯನ್ನು ಸಾರ್ವಜನಿಕ ಶೌಚಾಲಯದಲ್ಲಿ ನಡೆದ ಅತ್ಯಾಚಾರಕ್ಕೆ ಹೋಲಿಸಿದ್ದ. ಆ ಹೋಲಿಕೆಯೇ ಚಿತ್ರದ ಗೋಡೆಗಳಾಗಿ ನಿಂತಿದೆ.

ಈ ಚಿತ್ರದ ಒಂದು ದೃಶ್ಯವನ್ನು ನೀವು ಮರೆಯಲಾರಿರಿ. ಮಾರುವೇಷದಲ್ಲಿ ಬಂದ ರಾಜ ಒಂದು ಪೆಟ್ಟಿಗೆಯನ್ನು ದೆವ್ವ ಬಿಡಿಸುವ ಪಾದ್ರಿಯ ಕೈಗೆ ಕೊಟ್ಟು, ಇದರಲ್ಲಿ ಕ್ರಿಸ್ತನ ರಕ್ತದ ಅವಶೇಷವಿದೆ ಎನ್ನುತ್ತಾನೆ. ಪಾದ್ರಿ ಅದನ್ನು ಹಿಡಿದು ದೆವ್ವಗಳನ್ನು ಓಡಿಸುತ್ತಾನೆ, ಕನ್ಯಾಸ್ತ್ರೀಯರು ಶಾಂತರಾಗುತ್ತಾರೆ. ಆಮೇಲೆ ರಾಜ ಪೆಟ್ಟಿಗೆ ತೆರೆದು ತೋರಿಸಿದರೆ ಒಳಗೆ ಏನೂ ಇಲ್ಲ. ಒಂದು ಗಳಿಗೆ ಎಲ್ಲರೂ ಸ್ತಬ್ಧ. ಮರುಗಳಿಗೆಯಲ್ಲಿ ಉನ್ಮಾದ ಮತ್ತೆ ಶುರುವಾಗುತ್ತದೆ, ಏಕೆಂದರೆ ಆಟ ಗೊತ್ತಾದ ಮಾತ್ರಕ್ಕೆ ಆಟ ನಿಲ್ಲಬೇಕೆಂದೇನಿಲ್ಲ. ರಸೆಲ್ ಸ್ವತಃ ಮತಾಂತರಗೊಂಡು ಕ್ಯಾಥಲಿಕ್ ಆಗಿದ್ದವನು. ಪೆಟ್ಟಿಗೆ ಖಾಲಿಯಾಗಿರುವುದು ಅವನಿಗೆ ನಗೆಯ ವಿಷಯವಾಗಿರಲಿಲ್ಲ ಎಂದು ನನ್ನ ಭಾವನೆ.

ಸೆನ್ಸಾರಿನ ಮತ್ತು ವಾರ್ನರ್ ಬ್ರದರ್ಸ್ ಕಂಪನಿಯ ಕತ್ತರಿಗೆ ಸಿಕ್ಕ ಮುಖ್ಯ ಭಾಗವೆಂದರೆ ಉನ್ಮತ್ತ ಕನ್ಯಾಸ್ತ್ರೀಯರು ಶಿಲುಬೆಯ ಮೂರ್ತಿಯನ್ನು ಉರುಳಿಸಿ ಅದರ ಮೇಲೆ ಬೀಳುವ ದೃಶ್ಯ. ಕಳೆದೇ ಹೋಯಿತೆಂದುಕೊಂಡಿದ್ದ ಅದು ದಶಕಗಳ ನಂತರ ಸಿಕ್ಕಿತು. ಅದನ್ನು ನೋಡಿದವರ ಗಮನಕ್ಕೆ ಬರುವ ಸಂಗತಿ ಬೇರೆ. ಆ ಗಲಭೆಯನ್ನು ಮೇಲೆ ನಿಂತ ಪಾದ್ರಿಯೊಬ್ಬ ನೋಡುತ್ತ ಉದ್ರಿಕ್ತನಾಗುತ್ತಾನೆ, ಕ್ಯಾಮೆರಾ ಅವನ ಉಸಿರಾಟದ ಲಯಕ್ಕೆ ತಕ್ಕಂತೆ ಮುಂದೆ ಹಿಂದೆ ಧಾವಿಸುತ್ತದೆ. ಅದರ ನಡುನಡುವೆ, ದೂರದ ನೀರಿನ ದಂಡೆಯಲ್ಲಿ ಗ್ರಾಂಡಿಯೆ ಒಬ್ಬನೇ ಕುಳಿತು ರೊಟ್ಟಿ ಮುರಿದು ಬಲಿಪೂಜೆ ಅರ್ಪಿಸುವುದು ಬರುತ್ತದೆ. ಎಂದರೆ ಕತ್ತರಿ ಬಿದ್ದದ್ದು ಅಶ್ಲೀಲತೆಗೆ ಮಾತ್ರವಲ್ಲ. ಇಡೀ ಚಿತ್ರದಲ್ಲಿ ನಿಜವಾದ ಪ್ರಾರ್ಥನೆ ಯಾವುದು ಎಂದು ತೋರಿಸುವ ಹೋಲಿಕೆಗೂ, ಕಿಂಡಿಯಲ್ಲಿ ಕಣ್ಣಿಟ್ಟವನು ಯಾರು ಎಂದು ಹೇಳುವ ಚಿತ್ರಿಕೆಗೂ ಬಿತ್ತು. ಆ ಪಾದ್ರಿಯ ಕಣ್ಣಿನಿಂದಲೇ ನಾವು ನೋಡುತ್ತಿದ್ದೇವೆ ಎಂಬುದನ್ನು ರಸೆಲ್ ಬಲ್ಲ. ಪಾವೊಲೆಲ್ಲಾ, ಮತ್ತೇಯಿ ಇವರಿಗೆ ಅದು ತಿಳಿಯದು, ತಿಳಿದರೂ ಬೇಕಿಲ್ಲ.

ಝಾನಳ ಮುಂದಿನ ಕಥೆ ಯಾವ ಚಿತ್ರದಲ್ಲೂ ಸರಿಯಾಗಿ ಬಂದಿಲ್ಲವಾದ್ದರಿಂದ ಒಂದು ನಿಮಿಷ ಅತ್ತ ಹೋಗುತ್ತೇನೆ. ಪೋಲೆಂಡಿನ ಕಾವಲೆರೊವಿಚ್ 1961ರಲ್ಲಿ ‘ದೇವದೂತರ ಮದರ್ ಜೊವಾನ್ನಾ’ ಎಂಬ ಅಪೂರ್ವ ಚಿತ್ರವನ್ನು ಪಾದ್ರಿ ಸುಟ್ಟುಹೋದ ನಂತರದಿಂದಲೇ ಆರಂಭಿಸುತ್ತಾನೆ, ಆದರೆ ಅವನದು ಬೇರೆ ದಾರಿ. ಚರಿತ್ರೆಯ ಝಾನ್ ದೆವ್ವ ಬಿಟ್ಟ ಮೇಲೆ ತನ್ನ ಕೈಯ ಮೇಲೆ ಯೇಸು, ಮರಿಯಾ, ಜೋಸೆಫ್ ಮುಂತಾದ ಪವಿತ್ರ ನಾಮಗಳು ಮೂಡಿವೆ ಎಂದು ತೋರಿಸತೊಡಗಿದಳು. 1638ರಲ್ಲಿ ಆ ಕೈಯನ್ನು ಪ್ರದರ್ಶಿಸುತ್ತ ಫ್ರಾನ್ಸಿನಲ್ಲೆಲ್ಲ ಯಾತ್ರೆ ಹೋದಳು, ರಿಶಲ್ಯೂವನ್ನು ಕಂಡಳು. ಸಂತ ಜೋಸೆಫನ ಲೇಪ ತಾಗಿದೆಯೆಂದು ಅವಳು ಹೇಳಿದ ಒಳಅಂಗಿಯನ್ನು ರಾಣಿಯ ಹೆರಿಗೆಯ ವೇಳೆಗೆ ಅರಮನೆಗೆ ತರಿಸಿಕೊಂಡರು. ಹುಟ್ಟಿದ ಮಗು ಮುಂದೆ ಹದಿನಾಲ್ಕನೆಯ ಲೂಯಿಯಾಯಿತು. ಒಬ್ಬನನ್ನು ಸುಡಿಸಿದ ಸುಳ್ಳು ಅವಳನ್ನು ಅರಮನೆಗೆ ಕೊಂಡೊಯ್ದಿತು. ಅವಳು ಬರೀ ಕಪಟಿಯೇ, ತನ್ನ ಸುಳ್ಳನ್ನು ತಾನೇ ನಂಬಿದವಳೇ? ವನೆಸ್ಸಾ ರೆಡ್‌ಗ್ರೇವ್ ಆ ಪಾತ್ರವನ್ನು ಒಂದೆಡೆ ವಾಲಿದ ಕತ್ತಿನಿಂದ, ತಡೆಯಲಾಗದ ನಗೆಯಿಂದ ಆಡುವಾಗ ಎರಡಕ್ಕೂ ಎಡೆಯುಳಿಸುತ್ತಾರೆ.

ಇಟಲಿಯ ಗುಂಪಿನಲ್ಲಿ ನಾನು ಬೇರೆಯಾಗಿ ಎತ್ತಿಡುವುದು ಜಾನ್‌ಫ್ರಾಂಕೊ ಮಿಂಗೊಟ್ಸಿಯ 1974ರ ‘ಫ್ಲಾವಿಯಾ, ಮುಸಲ್ಮಾನ ಸನ್ಯಾಸಿನಿ’. ಮಿಂಗೊಟ್ಸಿ ಮೂಲತಃ ಸಾಕ್ಷ್ಯಚಿತ್ರಕಾರ. ದಕ್ಷಿಣ ಇಟಲಿಯ ಪುಲಿಯಾದಲ್ಲಿ, ಜೇಡ ಕಚ್ಚಿತೆಂದು ನೆಲಕ್ಕೆ ಬಿದ್ದು ಹೊರಳಾಡುವ, ವಾದ್ಯದ ತಾಳಕ್ಕೆ ಕುಣಿದು ಗುಣಹೊಂದುವ ರೈತಾಪಿ ಹೆಂಗಸರ ಬಗ್ಗೆ ಅವನು 1962ರಲ್ಲೇ ಒಂದು ಕಿರುಚಿತ್ರ ತೆಗೆದಿದ್ದ. ಆದ್ದರಿಂದ ಅವನ ಮಠದೊಳಗೆ ಇಂಥ ಹೆಂಗಸರ ಗುಂಪು ನುಗ್ಗಿ, ಕನ್ಯಾಸ್ತ್ರೀಯರಿಗೂ ಆ ಹುಚ್ಚು ಅಂಟಿದಾಗ, ಅದು ದೆವ್ವದ ಆಟವಾಗಿ ಕಾಣದೆ, ಬೇರೆಲ್ಲೂ ಕೂಗುವ ಅವಕಾಶವಿಲ್ಲದವರ ಕೂಗಾಗಿ ಕೇಳಿಸುತ್ತದೆ. 1480ರಲ್ಲಿ ಒಟ್ಟೊಮನ್ ಸೇನೆ ಓಟ್ರಾಂಟೊ ನಗರಕ್ಕೆ ಇಳಿದದ್ದು ಹಿನ್ನೆಲೆ. ಅಪ್ಪನಿಂದ ಮಠಕ್ಕೆ ತಳ್ಳಿಸಿಕೊಂಡ ಫ್ಲಾವಿಯಾ, ಫ್ಲೊರಿಂಡಾ ಬೊಲ್ಕನ್ ಆಡಿದ ಪಾತ್ರ, ಬಂದ ಶತ್ರುವನ್ನು ಬಿಡುಗಡೆಗಾರನೆಂದು ಸ್ವಾಗತಿಸಿ, ಕುದುರೆಯೇರಿ ಬಂದು ಸೇಡು ತೀರಿಸಿಕೊಳ್ಳುತ್ತಾಳೆ. ಆಮೇಲೆ ಅವನೂ ಅಪ್ಪನಂಥವನೇ ಎಂದು ಗೊತ್ತಾಗುತ್ತದೆ. ಸೇನೆ ಹಡಗು ಹತ್ತಿ ಹೋಗುತ್ತದೆ, ಇವಳು ದಂಡೆಯಲ್ಲಿ ಉಳಿಯುತ್ತಾಳೆ, ಚರ್ಚು ಇವಳ ಚರ್ಮ ಸುಲಿಯುತ್ತದೆ. ಚಿತ್ರದಲ್ಲಿ ನೋಡಲಾಗದ ಹಿಂಸೆಯಿದೆ, ಕೆಲವು ಕಡೆ ವ್ಯಾಪಾರದ ವಾಸನೆಯೂ ಇದೆ. ಆದರೂ ಮಠದ ಬೂಟಾಟಿಕೆಯನ್ನು ಬೈದು ಮುಗಿಸದೆ, ಮಠವನ್ನು ಸುಡಲು ಬಂದವನ ಕೈಯಲ್ಲೂ ಅದೇ ಬೀಗದ ಕೈ ಇದೆ ಎಂದು ಹೇಳಿದ ಚಿತ್ರ ಇದೊಂದೇ. ಪ್ರಾಸಂಗಿಕವಾಗಿ ಹೇಳುವುದಾದರೆ, ಓಟ್ರಾಂಟೊದಲ್ಲಿ ಕೊಲ್ಲಲ್ಪಟ್ಟ ಸುಮಾರು 800 ಮಂದಿಯನ್ನು ಸಂತರೆಂದು ಘೋಷಿಸುವ ದಿನವನ್ನು ನಿಗದಿಪಡಿಸಲು 2013ರ ಫೆಬ್ರವರಿ 11ರಂದು ಕರೆದ ಸಭೆಯಲ್ಲೇ ಹದಿನಾರನೆಯ ಬೆನೆಡಿಕ್ಟ್ ತಾನು ಪೋಪ್ ಪದವಿಯನ್ನು ಬಿಡುತ್ತಿರುವುದಾಗಿ ತಿಳಿಸಿದರು. ಆ ಸುದ್ದಿಯ ಗದ್ದಲದಲ್ಲಿ 800 ಮಂದಿಯನ್ನು ಜಗತ್ತು ಮರೆತೇಬಿಟ್ಟಿತು.

1981ರ ಹೊತ್ತಿಗೆ ಈ ಪ್ರಕಾರದ ಉಸಿರು ನಿಲ್ಲುತ್ತ ಬಂದಿತ್ತು. ಮತ್ತೇಯಿ ಮೊಂಜಾದ ಚಿತ್ರದ ಜೊತೆಜೊತೆಗೇ, ಅದೇ ನಟರಲ್ಲಿ ಹಲವರನ್ನು ಬಳಸಿ ಇನ್ನೊಂದು ಚಿತ್ರ ಮಾಡಿ ಮುಗಿಸಿದ್ದ. ಗೊಬ್ಲಿನ್ ತಂಡದ ಸಂಗೀತವನ್ನೂ ಬೇರೊಂದು ಚಿತ್ರದಿಂದ ಎತ್ತಿಕೊಂಡಿದ್ದ. ಅದರ ಹೆಸರು ‘ಲಾಲ್ತ್ರೊ ಇನ್ಫೆರ್ನೊ’, ಎಂದರೆ ಇನ್ನೊಂದು ನರಕ. ಈಗ ತಾರಾಬೊಟ್ಟಿಯ ಇಸವಿಯನ್ನು ನೆನಪಿಸಿಕೊಳ್ಳಿ. ಮಠವನ್ನು ನರಕವೆಂದು ಕರೆದ ಅಗ್ಗದ ದೆವ್ವದ ಚಿತ್ರ ತೆರೆಗೆ ಬಂದು ಒಂಬತ್ತು ವರ್ಷವಾದ ಮೇಲೆ, ಮಠವನ್ನು ನರಕವೆಂದು ಅಲ್ಲಿಯೇ ಕುಳಿತು ಬರೆದ ಹೆಂಗಸಿನ ಪುಸ್ತಕ ಅಚ್ಚಿನ ಮನೆಗೆ ಹೋಯಿತು.

ಕಥೆಯನ್ನು ಹಳೆಯ ಕಾಲಕ್ಕೆ ತಳ್ಳುವ ಉಪಾಯದ ಬಗ್ಗೆ ಹೇಳಿದೆನಲ್ಲ, ಅದು ಸೆನ್ಸಾರಿನಿಂದ ಪಾರಾಗಲು ಮಾತ್ರ ಇದ್ದದ್ದಲ್ಲ, ನೋಡುಗರನ್ನು ಪಾರು ಮಾಡಲಿಕ್ಕೂ ಇತ್ತು. ಇಟಲಿಯ ಸೆಟ್ಟುಗಳಲ್ಲಿ ರಟ್ಟಿನ ಸರಪಳಿ ತೊಟ್ಟ ನಟಿಯರು ಕಿರುಚುತ್ತಿದ್ದಾಗ ಐರ್ಲೆಂಡಿನಲ್ಲಿ ಕನ್ಯಾಸ್ತ್ರೀಯರ ಸಂಸ್ಥೆಗಳು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ, ಮದುವೆಗೆ ಮೊದಲೇ ಬಸುರಾದವರು, ಅನಾಥೆಯರು, ಮನೆಯವರಿಗೆ ಬೇಡವಾದವರು ಸಂಬಳವಿಲ್ಲದೆ ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿದ್ದರು. 1922ರಿಂದ ಲೆಕ್ಕ ಹಾಕಿದರೂ ಸುಮಾರು 10,000 ಹೆಂಗಸರು. 1993ರಲ್ಲಿ ಡಬ್ಲಿನ್‌ನಲ್ಲಿ ಇಂಥ ಒಂದು ಸಂಸ್ಥೆ ತನ್ನ ಜಮೀನನ್ನು ಮಾರಿದಾಗ ಅಲ್ಲಿಂದ 155 ಹೆಂಗಸರ ಅವಶೇಷಗಳನ್ನು ಅಗೆದು ತೆಗೆಯಬೇಕಾಯಿತು. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಸರ್ಕಾರದ ಕ್ಷಮಾಪಣೆ ಬಂದದ್ದು 2013ರಲ್ಲಿ. ಎಪ್ಪತ್ತರ ದಶಕದ ಒಂದು ಭಯಾನಕ ಚಿತ್ರವೂ ಈ ಬಾಗಿಲು ತಟ್ಟಲಿಲ್ಲ. ಹಬೆಯಲ್ಲಿ ಬೆಂದ ಕೈಗಳನ್ನು ತೋರಿಸಿ ಟಿಕೆಟ್ ಮಾರಲಾಗದು.

ತಟ್ಟಿದವನು ‘ದ ಮ್ಯಾಗ್ಡಲೀನ್ ಸಿಸ್ಟರ್ಸ್’ ಚಿತ್ರದ ನಿರ್ದೇಶಕ ಪೀಟರ್ ಮಲನ್, 2002ರಲ್ಲಿ. ವೆನಿಸ್ ಉತ್ಸವದಲ್ಲಿ ಚಿನ್ನದ ಸಿಂಹ ಗೆದ್ದ ಆ ಚಿತ್ರವನ್ನು ವ್ಯಾಟಿಕನ್ನಿನ ಪತ್ರಿಕೆ ಕಟುವಾಗಿ ಟೀಕಿಸಿತು. ಅವನು ಎಕ್ಸ್‌ಪ್ಲಾಯ್ಟೇಶನ್ ಚಿತ್ರಗಳ ಅಚ್ಚನ್ನೇ ತೆಗೆದುಕೊಂಡಿದ್ದಾನೆ: ಬಿಟ್ಟುಹೋಗುವ ಅಪ್ಪ, ಕ್ರೂರ ಮದರ್ ಸುಪೀರಿಯರ್, ಬೆತ್ತ, ಕತ್ತರಿಸಿದ ಕೂದಲು. ಅದರಿಂದ ಹೊರತೆಗೆದದ್ದು ಕಿಂಡಿಯೊಂದನ್ನು ಮಾತ್ರ. ಮೊದಲ ದೃಶ್ಯದಲ್ಲಿ ಒಂದು ಮದುವೆ ಮನೆ. ಸೋದರಸಂಬಂಧಿಯಿಂದ ಅತ್ಯಾಚಾರಕ್ಕೊಳಗಾದ ಹುಡುಗಿ ಅದನ್ನು ಒಬ್ಬಳಿಗೆ ಹೇಳುತ್ತಾಳೆ, ಅವಳು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ವಾದ್ಯದ ಸದ್ದಿನಲ್ಲಿ ನಮಗೆ ಒಂದು ಮಾತೂ ಕೇಳಿಸದು, ತಿರುಗುವ ಮುಖಗಳು ಮಾತ್ರ ಕಾಣುತ್ತವೆ, ಕೊನೆಗೆ ಆ ಮುಖಗಳೆಲ್ಲ ಹುಡುಗಿಯ ಕಡೆಗೇ ತಿರುಗುತ್ತವೆ.

ಅದೇ ಚಿತ್ರದಲ್ಲಿ ಕ್ರಿಸ್‌ಮಸ್ಸಿನ ದಿನ ಲಾಂಡ್ರಿಯ ಹೆಂಗಸರಿಗೆ ಸಿನಿಮಾ ತೋರಿಸುತ್ತಾರೆ. ಸಿಸ್ಟರ್ ಬ್ರಿಜೆಟ್, ಅವರೆಲ್ಲರ ಬದುಕನ್ನು ಹಿಂಡಿದ ಹೆಂಗಸು, ತನಗೆ ಚಿಕ್ಕಂದಿನಿಂದಲೂ ಸಿನಿಮಾ ಎಂದರೆ ಪ್ರಾಣವೆಂದು ನಾಚುತ್ತ ಹೇಳಿಕೊಳ್ಳುತ್ತಾಳೆ. ದೀಪ ಆರುತ್ತದೆ. ಪರದೆಯ ಮೇಲೆ 1945ರ ಹಾಲಿವುಡ್ ಚಿತ್ರವೊಂದರಲ್ಲಿ ಇಂಗ್ರಿಡ್ ಬರ್ಗ್‌ಮನ್ ಕನ್ಯಾಸ್ತ್ರೀಯ ವೇಷದಲ್ಲಿ, ಕಣ್ಣೆತ್ತಿ ದೇವರನ್ನು ಪ್ರಾರ್ಥಿಸುತ್ತಿದ್ದಾಳೆ. ಕತ್ತಲೆಯಲ್ಲಿ ಕುಳಿತ ಸಿಸ್ಟರ್ ಬ್ರಿಜೆಟ್ಟಳ ಕಣ್ಣು ತುಂಬಿ ಬರುತ್ತದೆ.